ಮೂರೂರಿನ ಸಂಘಕ್ಕೆ ನಾನೊಬ್ಬಳೇ ಮಹಿಳಾ ಶಾಖೆ

ನಾಲ್ಕು ಜನ ಸೇರಿ ಸಂಘ ಕಟ್ಟಿದ ಕಡೆಯಲ್ಲೆಲ್ಲ ನನಗೊಂದು ಹುದ್ದೆ ಬಂದು ಅಂಟಿಕೊಳ್ಳುತ್ತದೆ. ನಲವತ್ತು ದಾಟಿದರೂ ಈ ಕಾಟ ತಪ್ಪಿಲ್ಲ. ಆ ಹುದ್ದೆಯಲ್ಲಿ ನಾನು ಮಾಡಬೇಕಾದದ್ದೇನು ಎಂಬುದು ಮಾತ್ರ ಅದನ್ನು ಬಿಟ್ಟ ಮೇಲೂ ತಿಳಿಯುವುದಿಲ್ಲ. ಇದು ಶುರುವಾದದ್ದು ಮೈಸೂರಿನಲ್ಲಿ, ನಾನು ಎಂ.ಎ. ಮೊದಲ ವರ್ಷದಲ್ಲಿದ್ದಾಗ.

೧. ಕುರ್ಚಿ

ಕಡೂರು, ತರೀಕೆರೆ, ನಮ್ಮ ಅಜ್ಜಂಪುರದಿಂದ ಓದಲು ಬಂದಿದ್ದ ಹುಡುಗರು ಒಂದು ವಿದ್ಯಾರ್ಥಿ ಸಂಘ ಕಟ್ಟಿಕೊಂಡಿದ್ದರು. ಅಧ್ಯಕ್ಷ ಕಡೂರಿನವನು, ಕಾರ್ಯದರ್ಶಿ ತರೀಕೆರೆಯವನು. ಒಂದು ಸಂಜೆ ಇಬ್ಬರೂ ನಮ್ಮ ಹಾಸ್ಟೆಲಿನ ಗೇಟಿಗೆ ಬಂದು ನಿಂತರು. ಗಂಡಸರು ಗೇಟು ದಾಟುವಂತಿರಲಿಲ್ಲ, ನಾವು ಗೇಟಿನ ಹತ್ತಿರ ಹೋಗುವಂತಿರಲಿಲ್ಲ. ನಮ್ಮ ಮೇಟ್ರನ್ ನಡುವೆ ಓಡಾಡಿ ಮಾತು ಸಾಗಿಸಿದರು. ಮೂರನೇ ಸಲಕ್ಕೆ ಸುಸ್ತಾಗಿ, ನನ್ನನ್ನು ಕೇಳದೆಯೇ "ಆಗಲಂತೆ" ಎಂದು ಹೇಳಿ ಕಳಿಸಿಬಿಟ್ಟರು. ಹೀಗೆ ನಾನು ಮಹಿಳಾ ಶಾಖೆಯ ಅಧ್ಯಕ್ಷೆಯಾದೆ. ಶಾಖೆಯಲ್ಲಿದ್ದ ಮಹಿಳೆಯೂ ನಾನೇ.

ಶಾಖೆಯವರು ತಿಂಗಳಿಗೊಂದು ಸಭೆ ಸೇರಿ, ಒಬ್ಬರು ಸೂಚಿಸಿದ್ದನ್ನು ಇನ್ನೊಬ್ಬರು ಅನುಮೋದಿಸಿ, ವರದಿ ಕಳಿಸಬೇಕಂತೆ. ಸೂಚಿಸುವವಳು ನಾನಾದರೆ ಅನುಮೋದಿಸುವವರು ಯಾರು ಎಂದು ಚೀಟಿ ಬರೆದೆ. ಅಧ್ಯಕ್ಷ ಎರಡು ದಿನ ಯೋಚಿಸಿ, ಸೂಚಿಸಿದ ಮೇಲೆ ಬೇರೆ ಕುರ್ಚಿಯಲ್ಲಿ ಕುಳಿತು ಅನುಮೋದಿಸಬೇಕು ಎಂದು ಉತ್ತರ ಕೊಟ್ಟ. ನನ್ನ ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ. ಮಂಚದ ಮೇಲೆ ಕುಳಿತು ಅನುಮೋದಿಸಿದರೆ ನಡೆಯುತ್ತದೆಯೇ ಎಂದು ಮತ್ತೆ ಬರೆದೆ.

ಅದಕ್ಕೆ ಅವರು ಒಂದು ಉಪಸಮಿತಿ ನೇಮಿಸಿದರು.

೨. ಜಂಕ್ಷನ್ನಿನಲ್ಲಿ ಠರಾವು

ಬೇಸಿಗೆ ರಜದಲ್ಲಿ ವಾರ್ಷಿಕೋತ್ಸವ. ಅದು ತಮ್ಮೂರಲ್ಲೇ ಆಗಬೇಕೆಂದು ಮೂರೂರಿನವರೂ ಹಟ ಹಿಡಿದರು. ತೀರ್ಮಾನಕ್ಕೊಂದು ಸಭೆ ಬೇಕಲ್ಲ, ಆ ಸಭೆ ಎಲ್ಲಿ ಎಂಬುದಕ್ಕೂ ಜಗಳ. ಕೊನೆಗೆ ಮೂರೂರ ಗಾಡಿಗಳೂ ಬಂದು ಹೋಗುವ ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಮ್ಮೇ ಸರಿ ಎಂದಾಯಿತು.

ವಾದ ಕಾವೇರಿತ್ತು. ಅಷ್ಟರಲ್ಲಿ ಕಡೂರಿನ ಕಡೆಗೆ ಹೋಗುವ ಗಾಡಿ ಬಂತು. ಅಧ್ಯಕ್ಷ ಭಾಷಣವನ್ನು ಅರ್ಧಕ್ಕೆ ಬಿಟ್ಟು ಓಡಿದ, ಅವನ ಹಿಂದೆ ಅವನ ಮತಗಳೂ ಓಡಿದವು. ಆಮೇಲೆ ತರೀಕೆರೆ ಗಾಡಿ ಸಿಳ್ಳೆ ಹಾಕಿತು. ಕಾರ್ಯದರ್ಶಿ ಕಿಟಕಿಯಿಂದ ಕತ್ತು ಚಾಚಿ, "ನಾವಿಲ್ದೆ ಠರಾವು ಮಾಡಿದ್ರೆ ನೆಟ್ಟಗಿರಲ್ಲ ಕಣ್ರೀ" ಎಂದು ಕೂಗುತ್ತಲೇ ದೂರವಾದ. ನಮ್ಮ ಅಜ್ಜಂಪುರದ ಗಾಡಿ ತಡ. ಉಳಿದವರು ನಮ್ಮೂರಿನ ಇಬ್ಬರು ವಿದ್ಯಾರ್ಥಿಗಳು, ನಾನು, ನನ್ನನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಅಪ್ಪ. ಉತ್ಸವ ಅಜ್ಜಂಪುರದಲ್ಲೇ ಎಂದು ಸರ್ವಾನುಮತದಿಂದ ಪಾಸಾಯಿತು. ನೋಡಿದರೆ ಅಪ್ಪನೂ ಕೈ ಎತ್ತಿದ್ದಾರೆ. ನೀವ್ಯಾಕೆ ಎತ್ತಿದಿರಿ ಎಂದು ಕೇಳಿದೆ.

"ಎಲ್ರೂ ಎತ್ತಿದ್ರಲ್ಲ," ಎಂದರು. "ಗಾಡಿ ನಿಲ್ಸೋಕೇನೋ ಅಂದ್ಕೊಂಡೆ."

೩. ಎದುರುಗಾರ

ನಾನು ಎರಡನೇ ವರ್ಷ ಓದುವುದು ಅಪ್ಪನಿಗೆ ಬೇಕಿರಲಿಲ್ಲ. ಬುಕ್ಕಾಂಬುಧಿಯ ಅನುಕೂಲಸ್ಥರೊಬ್ಬರು ನನ್ನನ್ನು ಮಗನಿಗೆ ಕೇಳಿದ್ದರು. ನಾನು ಅತ್ತು, ಊಟ ಬಿಟ್ಟು, ಮಾತು ಬಿಟ್ಟ ಮೇಲೆ ಅಪ್ಪ ಒಂದು ಒಪ್ಪಂದಕ್ಕೆ ಬಂದರು: "ಉತ್ಸವದಲ್ಲಿ ಮಾತಾಡ್ತೀಯಂತಲ್ಲ. ಊರ ಹಿರೀಕರು ಒಪ್ಪಿದ್ರೆ ಮೈಸೂರು. ಇಲ್ದಿದ್ರೆ ಬುಕ್ಕಾಂಬುಧಿ."

ಹತ್ತಿ ಮಂಡಿಯ ಅಂಗಳದಲ್ಲಿ ಚರ್ಚಾಕೂಟ. ಹೆಣ್ಣಿಗೆ ಹೆಚ್ಚಿನ ಓದು ಬೇಕೆಂದು ನಾನು, ಬೇಡವೆಂದು ತರೀಕೆರೆಯ ಕಾರ್ಯದರ್ಶಿ. ಠರಾವಿನ ಸಿಟ್ಟಿಗೆ ಅವನು ಬರಲೇ ಇಲ್ಲ. ನಾನೋ ಎಲ್ಲ ಬಾಯಿಪಾಠ ಮಾಡಿದ್ದೆ, ಬದಲಿಸಲು ತೋಚಲಿಲ್ಲ. ಅವನ ಖಾಲಿ ಕುರ್ಚಿಗೆ ಬೆರಳು ತೋರಿಸಿ, ನನ್ನ ಎದುರುಪಕ್ಷದವರು ಹೆಣ್ಣಿಗೆ ಬುದ್ಧಿ ಕಮ್ಮಿ ಎನ್ನುತ್ತಾರೆ, ಹೆಣ್ಣು ಓದಿದರೆ ಮನೆ ಕೆಡುತ್ತದೆ ಎನ್ನುತ್ತಾರೆ ಎಂದು ಅರ್ಧ ಗಂಟೆ ಗುಡುಗಿದೆ.

ನಮ್ಮೂರಲ್ಲಿ ಹಿರೀಕರ ಮುಂದೆ ಎದ್ದು ನಿಂತು ಮಾತಾಡುವುದು ದೂರು ತಂದವರು ಮಾತ್ರ. ಮೈಸೂರಿನ ನೀರು ಕುಡಿದ ನನಗೆ ಅದು ಮರೆತೇಹೋಗಿತ್ತು. ಮಾತು ಮುಗಿಯಿತು, ಒಂದು ಚಪ್ಪಾಳೆಯಿಲ್ಲ. ಮುಂದೆ ಕುಳಿತಿದ್ದ ಹಿರೀಕರು ತಲೆಗೆ ತಲೆ ಸೇರಿಸಿದರು. ಎಲ್ಲರಿಗಿಂತ ಹಿರಿಯರಾದ ಗೌಡರು ಕೇಳಿದರು:

"ಯಾರವ್ವಾ ಹಂಗಂದೋನು?"

"ತರೀಕೆರೆಯವರು" ಎಂದೆ.

"ಈಗೆಲ್ಲವ್ನೆ?"

ಮೈಸೂರಿನಲ್ಲಿ ಓದುತ್ತಾರೆ ಎಂದೆ. ಮತ್ತೆ ತಲೆಗಳು ಸೇರಿದವು. ಎಲ್ಲಿ ತಪ್ಪಿದೆನೋ ತಿಳಿಯದು, ಇನ್ನು ಬುಕ್ಕಾಂಬುಧಿಯೇ ಗತಿ ಎಂದು ನಿಂತಿದ್ದೆ. ಗೌಡರು ಅಪ್ಪನನ್ನು ಮುಂದೆ ಕರೆದರು.

"ನೋಡಪ್ಪಾ, ಎದುರುಗಾರನ್ನ ಕೇಳ್ದೆ ನ್ಯಾಯ ಹೇಳಾಕಾಗಲ್ಲ. ಮಗ್ಳು ಮೈಸೂರಿಗೋಗಿ ಅವನ್ನ ಒಪ್ಪಿಸ್ಕೊಂಡು ಬರ್ಲಿ. ವ್ಯಾಜ್ಯ ತೀರೋಗಂಟ ಮನೇಲಿ ಲಗ್ನಗಿಗ್ನ ಇಟ್ಕೋಬ್ಯಾಡ."

ಅಪ್ಪ ಹಿರೀಕರ ಮಾತು ಮೀರುವವರಲ್ಲ. ತಾವೇ ಬಂದು ಗಾಡಿ ಹತ್ತಿಸಿದರು. ಆ ವರ್ಷವಿಡೀ ಅವರ ಕಾಗದಗಳಲ್ಲಿ ನನ್ನ ಓದಿನ ಸುದ್ದಿಯೇ ಇಲ್ಲ. ಎದುರುಗಾರ ಬಗ್ಗಿದನೇ ಎಂಬ ಒಂದೇ ಪ್ರಶ್ನೆ. ಇನ್ನೂ ಬಗ್ಗಿಲ್ಲ ಎಂದು ನಾನು ಬರೆಯುತ್ತಿದ್ದೆ. ತನ್ನ ಮೇಲೊಂದು ವ್ಯಾಜ್ಯ ನಡೆಯುತ್ತಿದೆ ಎಂಬುದು ಆ ಕಾರ್ಯದರ್ಶಿಗೆ ಗೊತ್ತೇ ಇರಲಿಲ್ಲ.

ಎಂ.ಎ. ಮುಗಿಸಿ ಊರಿಗೆ ಬಂದ ದಿನ ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಏನಾಯಿತೆಂದು ಕೇಳಿದರು. ಪಾಪ, ಅಪ್ಪನಿಗೆ ಏನು ಹೇಳಲಿ? ರಾಜಿಯಾಯಿತು ಎಂದುಬಿಟ್ಟೆ.

"ಒಳ್ಳೇದಾಯ್ತು ಬಿಡು," ಎಂದರು ಅಪ್ಪ. "ನೀನು ಹಟ ಹಿಡಿದು ಕೂತಿದ್ರೆ ಇನ್ನೂ ನಾಕು ವರ್ಷ ಎಳೆಯೋದು ಕಣೇ."

ಇನ್ನೂ ನಾಲ್ಕು ವರ್ಷ ಸಿಗುತ್ತದೆಂದು ಮೊದಲೇ ಹೇಳಿದ್ದರೆ ನಾನು ಖಂಡಿತ ರಾಜಿಯಾಗುತ್ತಿರಲಿಲ್ಲ.