ಆಷಾಢದಲ್ಲಿ ಬಂದ ಅಪ್‌ಡೇಟಿಗೆ ಒಂದು ಕೃತಜ್ಞ ದೂರು

ನನ್ನ ಫೋನಿನ ಕಂಪನಿಯಲ್ಲಿ ಅಪ್‌ಡೇಟ್ ಕಳುಹಿಸುವ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು, ತಮ್ಮ ಸಿಬ್ಬಂದಿ ಮತ್ತು ಅವರೆಲ್ಲರ ಫೋನುಗಳು ತಂಪಾಗಿರಲೆಂದು ನಮ್ಮೂರು ಸಾಸಲಿನಿಂದ ಹಾರೈಸುತ್ತೇನೆ.

ನನಗೆ ಮದುವೆಯಾಗಿ ಏಳು ವಾರಗಳಾಗಿವೆ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂಬ ಪದ್ಧತಿಯಂತೆ ನಾನು ತವರಿಗೆ ಬಂದಿದ್ದೇನೆ, ನನ್ನ ಪತಿ ಅಂಜನ್ (ಇವರ ಒಳ್ಳೆಯತನವನ್ನು ಬರೆಯಲು ಇನ್ನೊಂದು ಪತ್ರವೇ ಬೇಕು) ದೊಡ್ಡಬಳ್ಳಾಪುರದ ತಮ್ಮ ಮಗ್ಗದ ಮನೆಯಲ್ಲಿಯೇ ಉಳಿದಿದ್ದಾರೆ. ತಿಂಗಳು ಪೂರ್ತಿ ಗಂಡನ ಮುಖ ನೋಡುವಂತಿಲ್ಲವಾದರೂ, ನಮ್ಮಜ್ಜಿ ಅಕ್ಕಯ್ಯಮ್ಮನವರು "ಗಾಜಿನೊಳಗಿರೋದು ಮುಖಾನೇ ಅಲ್ಲ, ನೋಡ್ಕೋ ಹೋಗೇ" ಎಂದು ತೀರ್ಪು ಕೊಟ್ಟಿದ್ದರಿಂದ, ದಿನಕ್ಕೊಂದು ವಿಡಿಯೊ ಕರೆಯಲ್ಲಿ ನನ್ನ ಸಂಸಾರ ಅತ್ಯಂತ ಸುಖವಾಗಿ ಸಾಗುತ್ತಿತ್ತು.

ಅಷ್ಟರಲ್ಲಿ ತಮ್ಮ ಅಪ್‌ಡೇಟ್ ದಯಮಾಡಿಸಿತು. ಅದರಿಂದ ಫೋನು ಎಷ್ಟು ಚುರುಕಾಯಿತೆಂದರೆ, ಕರೆ ಮಾಡಿದ ಆರನೆಯ ನಿಮಿಷಕ್ಕೇ ದೋಸೆ ಹಂಚಿನಂತೆ ಕಾದು, ಕ್ಯಾಮೆರಾ ತಾನಾಗಿಯೇ ಮುಚ್ಚಿಕೊಂಡು, ಬರೀ ದನಿ ಉಳಿಯತೊಡಗಿತು. ಆ ಹೊತ್ತಿಗೆ ಸರಿಯಾಗಿ ಅಜ್ಜಿ ಅದನ್ನು ಕಸಿದುಕೊಂಡು ಮಂಡಿಗೆ ಒತ್ತಿಕೊಂಡು "ಆಹಾ, ಹಿತವಾಗೈತೆ ಕಣಮ್ಮ, ಅಳಿಯಂದ್ರಿಗೆ ಇನ್ನೊಂಚೂರು ಮಾತಾಡಕ್ಕೇಳು" ಎನ್ನುತ್ತಿದ್ದುದರಿಂದ, ನನ್ನ ಪತಿ ನಾಲ್ಕು ದಿನ ತಮ್ಮ ಪ್ರೀತಿಯನ್ನೆಲ್ಲ ಒಂದು ಎಪ್ಪತ್ತೆಂಟು ವರ್ಷದ ಮಂಡಿಯ ಬಳಿ ತೋಡಿಕೊಂಡರು. ಐದನೆಯ ದಿನ ಅವರು "ಕೀರ್ತನ, ನೀನಿಲ್ದೆ ನಂಗೆ..." ಎಂದರು, ಫೋನು ಪೂರ್ತಿ ಆರಿಹೋಯಿತು. ಅಷ್ಟು ಸುಂದರವಾದ ವಾಕ್ಯವನ್ನು ಅಷ್ಟು ನಿಖರವಾಗಿ ಕತ್ತರಿಸಿದ ತಮ್ಮ ಎಂಜಿನಿಯರುಗಳಿಗೆ ನನ್ನ ನಮಸ್ಕಾರ ತಿಳಿಸಬೇಕಾಗಿ ವಿನಂತಿ.

ಮರುದಿನ ಅಮ್ಮನ ಫೋನಿನಿಂದ ಅವರಿಗೆ ಸುದ್ದಿ ಮುಟ್ಟಿಸಿ, ಬಸ್ಸು ಹತ್ತಿ ದೊಡ್ಡಬಳ್ಳಾಪುರದ ಪಿಳ್ಳಣ್ಣನವರ ಮೊಬೈಲ್ ಅಂಗಡಿಗೆ ಹೋದೆ. ಅಂಜನ್ ನನಗಿಂತ ಮುಂಚೆಯೇ ಅಲ್ಲಿದ್ದರು. ಅಂಗಡಿಗೆ ಶಟರ್ ಇದೆಯೇ ಹೊರತು ಹೊಸ್ತಿಲಿಲ್ಲವಾದ್ದರಿಂದ ಶಾಸ್ತ್ರಕ್ಕೇನೂ ಭಂಗ ಬರಲಿಲ್ಲ, ಅಜ್ಜಿ ಇಂಥ ಪತ್ರಗಳನ್ನು ಓದುವವರೂ ಅಲ್ಲ. ಅರ್ಧಕ್ಕೆ ನಿಂತ ವಾಕ್ಯವನ್ನು ಮುಗಿಸಿರೆಂದು ಕೇಳಿದಾಗ ಅವರು ಕೆಂಪಾಗಿ "ನೀನಿಲ್ದೆ ನಂಗೆ ಬೀರು ಬೀಗದ ಕೈ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೇ" ಎಂದರು. ನಾನು ಕಣ್ಣೊರೆಸಿಕೊಂಡೆ.

ಪಿಳ್ಳಣ್ಣನವರು ನಮ್ಮ ಮುಹೂರ್ತದ ಫೋಟೊ ಅಚ್ಚಾಗಿದ್ದ ದಪ್ಪ ಕವರನ್ನು ಕಳಚಿ "ಬೇಸಿಗೇಲಿ ಕಂಬಳಿ ಹೊದ್ಸಿದಂಗೈತಲ್ಲ ತಾಯಿ" ಎಂದರು. ಅಪ್‌ಡೇಟ್ ಆದಂದಿನಿಂದ ಫೋನು ನಮ್ಮ ಮದುವೆಯ ನಾಲ್ಕು ಸಾವಿರ ಫೋಟೊಗಳಲ್ಲಿ ಯಾರ ಮುಖ ಯಾವುದೆಂದು ಹುಡುಕುತ್ತ ಬೇಯುತ್ತಿದೆಯೆಂದೂ, ಪೇಟ ತೊಟ್ಟ ಗಂಡಸರನ್ನೆಲ್ಲ ಒಬ್ಬರೇ ಎಂದು ತೀರ್ಮಾನಿಸಿದೆಯೆಂದೂ ಕಂಡುಹಿಡಿದರು. ಅದನ್ನು ನಿಲ್ಲಿಸಿ "ಎರಡು ದಿನ ಬಿಟ್ಟು ಬನ್ನಿ, ನೋಡೋಣ" ಎಂದರು. ಎರಡು ದಿನ ಬಿಟ್ಟು ಇಬ್ಬರೂ ಹೋದೆವು, ಮತ್ತೆರಡು ದಿನ ಬಿಟ್ಟು ಮತ್ತೆ ಹೋದೆವು. ಆಗ ಅವರು ಒಂದಿಷ್ಟೂ ಕರುಣೆಯಿಲ್ಲದೆ "ಇನ್ನೇನೂ ತೊಂದ್ರೆ ಇಲ್ಲ, ಬರೋದೇ ಬೇಡ" ಎಂದುಬಿಟ್ಟರು.

ನನ್ನ ನಿಜವಾದ ದೂರು ಇರುವುದು ಇಲ್ಲಿ. ಫೋನೀಗ ಗಂಟೆಗಟ್ಟಲೆ ಮಾತನಾಡಿದರೂ ಮಜ್ಜಿಗೆಯಷ್ಟು ತಣ್ಣಗಿದೆ. ಅಜ್ಜಿ "ನೆಟ್ಟಗಾಯ್ತಲ್ಲ, ಇನ್ಯಾಕೆ ದೊಡ್ಡಬಳ್ಳಾಪುರ?" ಎನ್ನುತ್ತಾರೆ. ಆಷಾಢ ಮುಗಿಯಲು ಇನ್ನೂ ಹನ್ನೊಂದು ದಿನಗಳಿವೆ. ಆದ್ದರಿಂದ ತಾವು ದಯವಿಟ್ಟು ಎರಡು ದಿನಕ್ಕೊಂದರಂತೆ ಐದು ಅಪ್‌ಡೇಟುಗಳನ್ನು, ಪಿಳ್ಳಣ್ಣನವರಿಗೂ ಬೇಗ ಬಗೆಹರಿಯದಂತೆ ತಯಾರಿಸಿ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಶ್ರಾವಣ ಹುಟ್ಟುವವರೆಗೆ ತಮ್ಮ ವಿಶ್ವಾಸಿ,
ಕೀರ್ತನ ಅಂಜನ್

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ತಮ್ಮಿಂದ ಹೊಸ ಸಂದೇಶ ಬಂದಿದೆ: "ಬಿಸಿಯಾಗುವ ದೋಷವನ್ನು ಸಂಪೂರ್ಣವಾಗಿ ಸರಿಪಡಿಸುವ ಅಪ್‌ಡೇಟ್ ಸಿದ್ಧವಿದೆ." ತಮ್ಮ ವಿಭಾಗದ ಸಾಮರ್ಥ್ಯವನ್ನು ಬಲ್ಲವಳಾದ್ದರಿಂದ ತಕ್ಷಣ ಒತ್ತಿದ್ದೇನೆ, ನಾಳೆ ಹತ್ತೂವರೆಗೆ ಅಂಗಡಿಯ ಹತ್ತಿರ ಬರುವಂತೆ ನನ್ನ ಪತಿಗೂ ಹೇಳಿದ್ದೇನೆ.