ಹಿರೇಬೆಂಡಿಗೇರಿಯ ನಿರುಪದ್ರವಿ ಮನೆ

ಅಕ್ಕಿಆಲೂರಿನ ರಾಘಣ್ಣನವರಿಗೆ ಈ ವಯಸ್ಸಿನಲ್ಲಿ ಬೇಕಾದದ್ದು ಒಂದೇ: ಮಧ್ಯಾಹ್ನದ ನಿದ್ದೆ. ಅದಕ್ಕೆ ಅಡ್ಡ ನಿಂತದ್ದು ಅವರ ಸ್ವಂತ ಮನೆ. ಊಟ ಮುಗಿಸಿ ಕಣ್ಣು ಮುಚ್ಚುವುದೇ ತಡ, ಹೆಂಡತಿ ಪದ್ಮಾಬಾಯಿಯ ಅಪ್ಪಣೆ: "ಏನ್ರೀ, ನಳಾ ಸೋರ್ಲಿಕ್ಕೆ ಹತ್ತೇದ, ನೋಡ್ರಿ!" ನಳ ಮುಗಿದರೆ ಗೆದ್ದಲು, ಗೆದ್ದಲು ಮುಗಿದರೆ ಗೇಟು. (ಆ ಗೇಟು ಇದುವರೆಗೆ ಕುಡಿದ ಬಣ್ಣದಲ್ಲಿ ಇಡೀ ಹಾನಗಲ್ಲ ತಾಲೂಕಿಗೆ ಎರಡು ಕೋಟು ಹೊಡೆಯಬಹುದಿತ್ತು.)

ಹೀಗಿರುವಾಗ ಮೊಬೈಲಿನಲ್ಲಿ ಜಾಹೀರಾತು ಕಂಡಿತು: ಹಿರೇಬೆಂಡಿಗೇರಿಯಲ್ಲಿ ಎರಡು ಖೋಲಿಯ ಸಣ್ಣ ಮನೆ ಮಾರಾಟಕ್ಕಿದೆ, ದುರಸ್ತಿಯ ಗೊಡವೆಯಿಲ್ಲ. ರಾಘಣ್ಣನವರಿಗೆ ವೈಕುಂಠದ ಬಾಗಿಲೇ ತೆರೆದಂತಾಯಿತು. ಮಾಲೀಕ ಶಿದ್ಲಿಂಗಪ್ಪ ಹಿರೇಕೆರೂರಿನಿಂದ ಫೋನಿನಲ್ಲೇ ಹೇಳಿದ: "ಹೋಗಿ ನೋಡ್ರಿ. ಬಾಗಲಾ ತೆಗದಿರ್ತೈತಿ, ನಮ್ಮ ಮಂದಿ ಅಲ್ಲೇ ಇರ್ತಾರ."

ಬಸ್ಸಿಳಿದ ಪದ್ಮಾಬಾಯಿ ಊರಿನ ನೀರಿನ ವ್ಯವಸ್ಥೆ ವಿಚಾರಿಸಲು ಹೋದರು. ರಾಘಣ್ಣನವರು ಮನೆ ಹೊಕ್ಕರೆ, ಅಲ್ಲಿ ಯಾರೂ ಇಲ್ಲ. ಆದರೂ ನೆಲದಲ್ಲಿ ಮೀಸೆ ತಿದ್ದಿಕೊಳ್ಳುವಷ್ಟು ಹೊಳಪು! ಇದೆಂಥ ಮಾಯೆಯೋ ತಿಳಿಯಲಿಲ್ಲ. ಗಡಿಗೆಯನ್ನು ಬಡಿದು ನೋಡಿ ಕೊಳ್ಳುತ್ತಾರೆ, ಮನೆಯನ್ನು ಮಲಗಿ ನೋಡಿ ಕೊಳ್ಳಬೇಕು ಎಂಬುದು ಅವರ ಸಿದ್ಧಾಂತ. ಮಲಗಿದರು. ಮೊದಲ ಗೊರಕೆಗೇ ಸವಣೂರಿನ ಎಲೆತೋಟಗಳು ತೂಗಾಡಿರಬೇಕು.

"ಕಾಕಾರ, ಏಳ್ರಿ! ಅಂಗಳದಾಗ ಹಪ್ಪಳಾ ಹಾಕೇನಿ, ಕಾಗಿ ಬಂದ್ರ ಹೊಡೀರಿ," ಎಂದು ಯಂಕವ್ವನೆಂಬ ಮುದುಕಿ ಕೈಗೆ ಕೋಲು ಕೊಟ್ಟಳು.

ಮಾಲೀಕನ ತಾಯಿಯಿರಬೇಕು, ಒಲಿಸಿಕೊಂಡರೆ ರೇಟು ಇಳಿದೀತು ಎಂದು ರಾಘಣ್ಣನವರು ಅಂಗಳದಲ್ಲಿ ಕೋಲು ಹಿಡಿದು ಕೂತರು. ಅಷ್ಟರಲ್ಲಿ ಆಡಿನೊಂದಿಗೆ ಮಾಬೂಬಿ ಎಂಬಾಕೆ ಬಂದಳು.

"ಕಾಕಾ, ಇದನ್ನೊಂದೀಟು ಹಿಡ್ಕೊಳ್ರಿ. ಯಂಕವ್ವನ ಹಪ್ಪಳಕ್ಕ ಬಾಯಿ ಹಾಕೀತು."

ಇವಳ್ಯಾರು? ಪಾಲುದಾರಳೇ? ಗೊಂದಲದಲ್ಲೇ ಹಗ್ಗ ಹಿಡಿದರು. ಹಿಂದೆಯೇ ಗಿರಿಯಪ್ಪನೆಂಬವ ಗೋವಿನಜೋಳದ ಬುಟ್ಟಿ ಹೊತ್ತು ಬಂದ. "ಚೀಲದ ಬಾಯಿ ಹಿಡೀರಿ, ಕಾಕಾರ!" ಪಾಲುದಾರಳ ಪಾಲುದಾರನೋ? ಕೈ ಎರಡೂ ಖಾಲಿಯಿರಲಿಲ್ಲ, ಚೀಲದ ಬಾಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು.

ಚೀಲ ತುಂಬಿದ ಮೇಲೆ ಬಾಯಿ ಬಿಡುವಾಯಿತು. "ಅಲ್ಲಪಾ, ನಿಮ್ಮೊಳಗ ಈ ಮನಿ ಖರೇನ ಯಾರ್ದು?"

"ನಮ್ದು ಯಾರ್ದೂ ಅಲ್ರಿ," ಎಂದ ಗಿರಿಯಪ್ಪ. "ಖಾಲಿ ಮನಿ, ಓಣಿ ಮಂದಿಯೆಲ್ಲಾ ನಮ್ಮ ಕೆಲಸಕ್ಕ ವಾಪರಸ್ತೇವಿ. ಅದಕ್ಕ ನಾವ ಕಸಾ ಹೊಡದು, ಹಂಚು ಸರದ್ರ ಹೊಂದಸ್ತೇವಿ. ನೀವು ಶಿದ್ಲಿಂಗಪ್ಪ ಕಳಿಸಿದ ಆಳಲ್ಲೇನ್ರಿ?"

ರಾಘಣ್ಣನವರು ಕೋಲು ಬಿಸುಟು ಎದ್ದರು. ಅಂಗಳದ ಬಾಗಿಲಲ್ಲಿ ಪದ್ಮಾಬಾಯಿ, ಇದನ್ನೆಲ್ಲ ಕಂಡು, ದೇವರ ದರ್ಶನವಾದವರಂತೆ ನಿಂತಿದ್ದರು.

"ಪದ್ಮಾ, ಬ್ಯಾಡ ಈ ಮನಿ! ನಡಿ, ಬಸ್ಸಿಗೆ ಹೋಗೋಣ!"

"ಎಲ್ಲಿಗೆ? ಶಿದ್ಲಿಂಗಪ್ಪಗ ಫೋನಿನಾಗ ಸಂಚಕಾರದ ರೊಕ್ಕಾನೂ ಕಳಿಸಿದೆ."

"ನನ್ನ ಒಂದು ಮಾತು ಕೇಳದ?"

"ಜೀವನಪೂರ್ತಿ ನಿಮಗ ಒದರಿ ಒದರಿ ನನ್ನ ಗಂಟಲಾ ಹರೀತು. ಇಲ್ಲಿ ಯಾರರ ಒಂದು ಮಾತಂದ್ರ ಸಾಕು, ಹಲ್ಲಿನಾಗ ಕಚ್ಚಿ ಮಾಡ್ತೀರಿ! ಇಂಥಾ ಮನಿ ನನಗ ಮತ್ತೆಲ್ಲಿ ಸಿಗಬೇಕ್ರೀ?"

ಎಂದವರೇ ಒಳಗೆ ಹೋಗಿ, ಹೊಳೆಯುವ ನೆಲದ ಮೇಲೆ ಸೆರಗು ಹೊದ್ದು ಮಲಗಿಬಿಟ್ಟರು.

ರಾಘಣ್ಣನವರು ಏನೋ ಹೇಳಲು ಬಾಯಿ ತೆರೆದರು. ಯಂಕವ್ವ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಅಕ್ಕಾರು ಮಲಗ್ಯಾರ, ಒದರಬ್ಯಾಡ್ರಿ. ಅಕಾ ಅಲ್ಲೆ, ಕಾಗಿ ಬಂತು ನೋಡ್ರಿ!"