ಹೆಂಡತಿಯ ಎರಡು ಡಿಗ್ರಿ, ನನ್ನ ಒಂದು ಕಾಲು

ನಲವತ್ತೊಂದನೇ ವಯಸ್ಸಿನಲ್ಲಿ ನನ್ನ ಹೆಂಡತಿ ಸ್ವಾತಿ ಒಟ್ಟಿಗೇ ಎರಡು ಡಿಗ್ರಿಗೆ ಸೇರಿಕೊಂಡಳು. ಒಂದು ಸಮಾಜಕಾರ್ಯ, ಇನ್ನೊಂದು ಸಾರ್ವಜನಿಕ ಆರೋಗ್ಯ; ಎರಡಕ್ಕೂ ಸೇರಿ ಮೂರು ವರ್ಷ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿರುವ ನನಗೇನು ತೊಂದರೆ ಅನ್ನುತ್ತೀರಾ? ಒಬ್ಬಳೇ ಹೆಂಡತಿಯಿದ್ದ ಮನೆಯಲ್ಲಿ ಇಬ್ಬರಾದರು, ಸ್ವಾಮಿ!

ಸಮಾಜಕಾರ್ಯದ ಸ್ವಾತಿ ಬಹಳ ಒಳ್ಳೆಯವಳು. ಎದುರಿಗೆ ಕೂತು, ತಲೆಯಾಡಿಸುತ್ತಾ, ಹೇಳಿದ್ದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಾಳೆ. ಬೈಯುವ ಹಾಗಿಲ್ಲ, ಬುದ್ಧಿ ಹೇಳುವ ಹಾಗಿಲ್ಲ (ಸಿಲಬಸ್ಸಿನಲ್ಲೇ ಹಾಗಿದೆಯಂತೆ). ಹದಿನೆಂಟು ವರ್ಷದ ಸಂಸಾರದಲ್ಲಿ ಇಂಥ ಸುಖ ಕಂಡರಿಯದ ನಾನು ಬಾಯಿಬಿಟ್ಟೆ. ಸಕ್ಕರೆ ಕಾಯಿಲೆಯ ಮಾತ್ರೆ ದಾಸವಾಳದ ಕುಂಡಕ್ಕೆ ಹೋಗುತ್ತಿರುವುದು, ಬಸ್ ಸ್ಟ್ಯಾಂಡಿನ ಬೇಕರಿಯ ದಿಲ್‌ಪಸಂದ್, ಎಲ್ಲ ಹೇಳಿಬಿಟ್ಟೆ.

"ಆಮೇಲೆ?" ಅಂದಳು ಮೆತ್ತಗೆ.

"ಭಯ ಕಣೇ. ಟೆಸ್ಟಿಗೆ ಹೋದ್ರೆ, ಅಪ್ಪನ ಹಾಗೆ ನನ್ನ ಕಾಲೂ ತೆಗೀಬೇಕು ಅಂದ್ಬಿಟ್ರೆ?"

ಅವಳ ಪೆನ್ನು ನಿಂತಿತು. "ಕಾಲಿಗೇನಾಗಿದೆ ರೀ?"

"ಏನೂ ಇಲ್ಲಪ್ಪ."

ಆರು ತಿಂಗಳಿಂದ ಎಡ ಅಂಗಾಲು ಜೋಮು ಹಿಡಿದ ಹಾಗಿರುವುದನ್ನು ಮಾತ್ರ ಹೇಳಲಿಲ್ಲ. ಅವತ್ತು ಅವಳು ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ವಾರ ಸಾರ್ವಜನಿಕ ಆರೋಗ್ಯದ ಸ್ವಾತಿ ಹಾರನಹಳ್ಳಿಯಲ್ಲಿ ಸಕ್ಕರೆ ಕಾಯಿಲೆಯವರ ಪಾದ ತಪಾಸಣೆಯ ಶಿಬಿರ ಇಟ್ಟುಕೊಂಡಳು. ತೂಕದ ಯಂತ್ರ ಹೊತ್ತ ಸಾರಥಿ ನಾನೇ. ಜನ ಸೇರಿದ ಮೇಲೆ ಅವಳು ಕಥೆ ಶುರು ಮಾಡಿದಳು: "ಒಂದೂರಲ್ಲಿ ಒಬ್ರು ಮೇಷ್ಟ್ರಿದ್ರು. ಮಾತ್ರೆ ನುಂಗೋ ಬದಲು ಹೂವಿನ ಕುಂಡಕ್ಕೆ ಹಾಕ್ತಿದ್ರು..."

ನನ್ನದೇ ಕಥೆ! ಪುಣ್ಯಕ್ಕೆ ಹೆಸರು, ಊರು ಹೇಳದೆ ಕಸುಬನ್ನೂ ಬದಲಾಯಿಸಿದ್ದಳು. ನಾನು ಗೋಡೆ ನೋಡುತ್ತಾ ನಿಂತೆ.

ಮುಂದಿನ ಸಾಲಿನಲ್ಲಿದ್ದ ಮಾರಮ್ಮ ಅನ್ನುವ ಅಜ್ಜಿ ಸಿಡುಕಿದಳು. "ಥೂ, ಎಂಥ ಮೇಷ್ಟ್ರವ್ವ ಅವ್ನು! ಹೆಂಡ್ತಿ ಮಕ್ಕಳ ಮ್ಯಾಲೆ ಒಂಚೂರಾದ್ರೂ ಆಸೆ ಐತಾ ಅವಂಗೆ?"

ನನಗೆ ತಡೆಯಲಾಗಲಿಲ್ಲ. "ಆಸೆ ಇರೋದಕ್ಕೇ ಕಣಮ್ಮ ಅವನಿಗೆ ಭಯ! ಅಪ್ಪನ ಕಾಲು ಹೋಗಿದ್ದನ್ನ ಕಣ್ಣಾರೆ ಕಂಡಿದಾನೆ. ಅಲ್ಲದೆ ಅವನು ಮೇಷ್ಟ್ರಲ್ಲ, ಕೊಬ್ಬರಿ ವ್ಯಾಪಾರಿ!"

ಇಡೀ ಶಿಬಿರ ನನ್ನ ಕಡೆ ತಿರುಗಿತು. ಸ್ವಾತಿ ಹಣೆ ಚಚ್ಚಿಕೊಂಡಳು.

"ಬಾರಪ್ಪ ಸಾವ್ಕಾರ, ಚಪ್ಲಿ ಬಿಡು. ಮೊದ್ಲು ನಿಂದೇ ಆಗ್ಲಿ," ಅಂದಳು ಮಾರಮ್ಮ.

ಸ್ವಾತಿ ನೆಲದ ಮೇಲೆ ಕೂತು ನನ್ನ ಎಡಗಾಲನ್ನು ಮಡಿಲಿಗೆ ಎಳೆದುಕೊಂಡಳು. "ಕಣ್ಮುಚ್ಚಿ. ಸ್ಪರ್ಶ ಇದೆಯಾ ಅಂತ ನೋಡೋ ದಾರ ಅಂಗಾಲಿಗೆ ಮುಟ್ಟಿದಾಗ ಹೇಳಿ."

ಕಣ್ಮುಚ್ಚಿದೆ. ಪಾಪ, ಇವಳನ್ನು ಹೆದರಿಸಬಾರದು ಅನ್ನಿಸಿತು. ಎರಡು ಕ್ಷಣ ಬಿಟ್ಟು ಗಟ್ಟಿಯಾಗಿ ಹೇಳಿದೆ: "ಹಾಂ, ಮುಟ್ತು! ಹೆಬ್ಬೆರಳ ಪಕ್ಕ. ಬಹಳ ಚೆನ್ನಾಗಿ ಗೊತ್ತಾಯ್ತು."

ಜನ ಗೊಳ್ಳೆಂದು ನಕ್ಕರು. ಕಣ್ಣು ಬಿಟ್ಟೆ.

"ದಾರ ಇನ್ನೂ ಡಬ್ಬೀಲೇ ಇದೆ ಕಣ್ರೀ," ಅಂದಳು ಸ್ವಾತಿ. ಅವಳೊಬ್ಬಳೇ ನಗುತ್ತಿರಲಿಲ್ಲ. ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಾಳೆ ಟೆಸ್ಟಿಗೆ ಬರ್ತೀನಿ ಅನ್ನಿ. ಅನ್ನೋವರೆಗೂ ಬಿಡಲ್ಲ," ಅಂದಳು.

"ಬರ್ತೀನಿ," ಅಂದೆ.

ಆದರೂ ಬಿಡಲಿಲ್ಲ.